ಪಾಸ್‌ವರ್ಡ್ ಹಾಕಿದ ತಕ್ಷಣ ಡೆಸ್ಕ್‌ಟಾಪ್ ತಾನಾಗೇ ಬರ್ಬೇಕು, ಸ್ಟಾರ್ಟ್‌ಎಕ್ಸ್ ಟೈಪ್ ಮಾಡೋದು ತಪ್ಪಿಸೋದು ಹೆಂಗೆ? ಡೆಬಿಯನ್ 12, ಎಕ್ಸ್‌ಎಫ್‌ಸಿಇ

ಅಶೋಕರಸ್ತೆ_ಡಿಟಿಪಿ

ಎಲ್ಲರಿಗೂ ನಮಸ್ಕಾರ. ತುಮಕೂರಲ್ಲಿ ನಮ್ದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಅರ್ಜಿ, ಅಫಿಡವಿಟ್, ಗೃಹಪ್ರವೇಶದ ಕಾರ್ಡು, ಬಹುಪಾಲು ಕನ್ನಡ ಟೈಪಿಂಗ್ ಕೆಲಸ. ಕಂಪ್ಯೂಟರು ಹಳೇ ಕೋರ್ 2 ಡ್ಯುಯೊ, ರ‍್ಯಾಮ್ 2 ಜಿಬಿ. ಡೆಬಿಯನ್ 12 (ಒಂದು ಬಗೆಯ ಲಿನಕ್ಸ್) ಹಾಕಿದೀನಿ, ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ. ಲಾಗಿನ್ ಮ್ಯಾನೇಜರ್, ಅಂದ್ರೆ ಚಿತ್ರದ ಲಾಗಿನ್ ಪರದೆ ತೋರ್ಸೋ ಪ್ರೋಗ್ರಾಮು, ಇಲ್ಲ. ಆನ್ ಮಾಡಿದ್ರೆ ಕಪ್ಪು ಸ್ಕ್ರೀನಲ್ಲಿ ಲಾಗಿನ್ ಕೇಳತ್ತೆ. ಹೆಸರು, ಪಾಸ್‌ವರ್ಡ್ ಕೊಟ್ಟು, ಆಮೇಲೆ ಸ್ಟಾರ್ಟ್‌ಎಕ್ಸ್ ಅಂತ ಟೈಪ್ ಮಾಡಿ ಎಂಟರ್ ಒತ್ತಿದ್ರೆ ಡೆಸ್ಕ್‌ಟಾಪ್.

ನನಗೇನೂ ಕಷ್ಟ ಇಲ್ಲ. ಆದ್ರೆ ಸಂಜೆ ಹೊತ್ತು ಅಂಗಡಿ ನೋಡ್ಕೊಳ್ಳೋಕೆ ಒಬ್ಬ ಹುಡುಗ ಬರ್ತಾನೆ, ಕಾಲೇಜು ಮುಗಿಸ್ಕೊಂಡು. ಯುಪಿಎಸ್ ಬ್ಯಾಟರಿ ಸತ್ತಿದೆ, ಹಾಗಾಗಿ ಕರೆಂಟ್ ಹೋಗಿ ಬಂತು ಅಂದ್ರೆ ನನಗೆ ಫೋನ್ ಗ್ಯಾರಂಟಿ. "ಅಣ್ಣಾ, ಪಾಸ್‌ವರ್ಡ್ ಹಾಕ್ದೆ, ಡಾಲರ್ ಗುರುತು ಬಂದು ನಿಂತ್‌ಬಿಟ್ಟಿದೆ." ಸ್ಟಾರ್ಟ್‌ಎಕ್ಸ್ ಹೊಡಿ ಅಂದ್ರೆ ಮಧ್ಯೆ ಒಂದು ಸ್ಪೇಸ್ ಬಿಡ್ತಾನೆ. ಕಮಾಂಡ್ ನಾಟ್ ಫೌಂಡ್. ಎದುರಿಗೆ ಗಿರಾಕಿ ಆಧಾರ್ ಕಾರ್ಡ್ ಹಿಡ್ಕೊಂಡು ನಿಂತಿರ್ತಾರೆ.

ಬೇಕಾಗಿರೋದು ಇಷ್ಟೇ: ಪಾಸ್‌ವರ್ಡ್ ಇರ್ಲೇಬೇಕು, ಜನರ ದಾಖಲೆ ಸ್ಕ್ಯಾನ್ ಮಾಡಿದ್ದೆಲ್ಲ ಅದ್ರಲ್ಲಿದೆ. ಪಾಸ್‌ವರ್ಡ್ ಆದ ಮೇಲೆ ಡೆಸ್ಕ್‌ಟಾಪ್ ತಾನೇ ಬರ್ಬೇಕು. ಮತ್ತೆ ನಾನು ರಾತ್ರಿ ಮನೆಯಿಂದ ಎಸ್‌ಎಸ್‌ಎಚ್ ಮಾಡಿ (ದೂರದಿಂದ ಲಾಗಿನ್ ಆಗಿ) ಬ್ಯಾಕಪ್ ತಗೋತೀನಿ, ಅದು ಕೆಡಬಾರ್ದು.

ಚಿಂತಾಮಣಿ_ಬೈಟ್

ಲೈಟ್‌ಡಿಎಂ ಅನ್ನೋ ಲಾಗಿನ್ ಮ್ಯಾನೇಜರ್ ಇನ್‌ಸ್ಟಾಲ್ ಮಾಡಿ ಗುರು. ಮುಗೀತು.

ಅಶೋಕರಸ್ತೆ_ಡಿಟಿಪಿ

ಮೊದಲು ಅದೇ ಇತ್ತು. ಗ್ರಾಫಿಕ್ಸ್ ಕಾರ್ಡು ಹಳೇದು, ಗ್ರೀಟರ್ (ಅದರ ಪಾಸ್‌ವರ್ಡ್ ಕೇಳೋ ಪರದೆ) ಬರೋ ಹೊತ್ತಿಗೆ ಒಂದೊಂದ್ಸಲ ಸ್ಕ್ರೀನ್ ಖಾಲಿ ನಿಂತ್‌ಬಿಡೋದು. ಕನ್ಸೋಲ್ ಲಾಗಿನ್ ಮಾತ್ರ ಯಾವತ್ತೂ ಕೈಕೊಟ್ಟಿಲ್ಲ. ಅದನ್ನೇ ಇಟ್ಕೊಳ್ಳೋಣ ಅಂತ.

ಕೆಜಿಎಫ್_ಸರ್ವರ್‌ರೂಮ್

ಗ್ರಾಫಿಕ್ಸ್ ಡ್ರೈವರ್ ಲೋಡ್ ಆಗೋಕೆ ಮುಂಚೆ ಲೈಟ್‌ಡಿಎಂ ಎದ್ರೆ ಹಂಗಾಗತ್ತೆ. ಅದರ ಕಾನ್ಫಿಗ್ ಫೈಲಲ್ಲಿ ಲಾಗಿನ್‌ಡಿ-ಚೆಕ್-ಗ್ರಾಫಿಕಲ್ ಅನ್ನೋ ಆಯ್ಕೆ ಇದೆ, ಅದನ್ನ ಟ್ರೂ ಮಾಡಿದ್ರೆ ಡ್ರೈವರ್ ಬರೋವರ್ಗೂ ಕಾಯತ್ತೆ. ಆದ್ರೂ ಒಬ್ರೇ ಬಳಸೋ, ರ‍್ಯಾಮ್ ಕಮ್ಮಿ ಇರೋ ಮೆಷಿನ್‌ಗೆ ಕನ್ಸೋಲ್ ದಾರಿ ತಪ್ಪೇನಲ್ಲ. ಮೇಷ್ಟ್ರು ಬರ್ತಾರೆ, ಇರಿ.

ಮಧುಗಿರಿ_ಮೇಷ್ಟ್ರು

ಬಂದೆ. ಕಮಾಂಡನ್ನು ಬಾಯಿಮಾತಿನಲ್ಲೇ ಹೇಳುತ್ತೇನೆ. ಇಲ್ಲಿಂದ ಕಾಪಿ ಮಾಡಿ ಅಂಟಿಸುವುದಕ್ಕಿಂತ ಅರ್ಥ ಮಾಡಿಕೊಂಡು ಟೈಪ್ ಮಾಡುವುದು ಒಳ್ಳೆಯದು.

ಕನ್ಸೋಲಿನಲ್ಲಿ ಪಾಸ್‌ವರ್ಡ್ ಒಪ್ಪಿಗೆಯಾದ ಮೇಲೆ ಬ್ಯಾಷ್ (ಕಮಾಂಡ್ ಓದಿ ನಡೆಸುವ ಶೆಲ್) ಒಂದು ಲಾಗಿನ್ ಶೆಲ್ ಆಗಿ ಶುರುವಾಗುತ್ತದೆ. ಲಾಗಿನ್ ಶೆಲ್ ಆದಾಗ ಅದು ನಿಮ್ಮ ಹೋಮ್ ಫೋಲ್ಡರಿನಲ್ಲಿ ಮೂರು ಫೈಲುಗಳನ್ನು ಈ ಕ್ರಮದಲ್ಲಿ ಹುಡುಕುತ್ತದೆ: .ಬ್ಯಾಷ್_ಪ್ರೊಫೈಲ್, .ಬ್ಯಾಷ್_ಲಾಗಿನ್, .ಪ್ರೊಫೈಲ್. ಮೊದಲು ಸಿಕ್ಕಿದ್ದನ್ನು ಓದಿ, ಉಳಿದವನ್ನು ಮುಟ್ಟುವುದೇ ಇಲ್ಲ. ಡೆಬಿಯನ್‌ನಲ್ಲಿ ಹೊಸ ಬಳಕೆದಾರನಿಗೆ ಸಿಗುವುದು .ಪ್ರೊಫೈಲ್ ಮಾತ್ರ. ಹಾಗಾಗಿ ನಿಮ್ಮ ಸಾಲು ಹೋಗಬೇಕಾದದ್ದು ಅದರ ಕೊನೆಗೆ.

ಬರೀ ಸ್ಟಾರ್ಟ್‌ಎಕ್ಸ್ ಎಂದು ಬರೆದರೆ ನೀವು ಮನೆಯಿಂದ ಎಸ್‌ಎಸ್‌ಎಚ್ ಮಾಡಿದಾಗಲೂ ಅದು ಓಡಲು ನೋಡುತ್ತದೆ, ಏಕೆಂದರೆ ಅದೂ ಲಾಗಿನ್ ಶೆಲ್ಲೇ. ಅದಕ್ಕೆ ಎರಡು ಷರತ್ತು ಹಾಕಿ. ಒಂದು, ಡಿಸ್‌ಪ್ಲೇ ಎಂಬ ವೇರಿಯಬಲ್ ಖಾಲಿ ಇರಬೇಕು, ಅಂದರೆ ಈಗಾಗಲೇ ಡೆಸ್ಕ್‌ಟಾಪಿನ ಒಳಗೆ ಇಲ್ಲ ಎಂದು ಖಾತ್ರಿ. ಇನ್ನೊಂದು, ಎಕ್ಸ್‌ಡಿಜಿ_ವಿಟಿಎನ್‌ಆರ್ ಎಂಬ ವೇರಿಯಬಲ್ 1 ಆಗಿರಬೇಕು. ಸರ್ವಿಸುಗಳನ್ನು ನಡೆಸುವ ಸಿಸ್ಟಂಡಿಯಲ್ಲಿ ಲಾಗಿನ್‌ಗಳ ಲೆಕ್ಕ ಇಡುವ ಲಾಗಿನ್‌ಡಿ, ನೀವು ಯಾವ ವರ್ಚುವಲ್ ಟರ್ಮಿನಲ್ಲಿನಲ್ಲಿ (ಕಂಟ್ರೋಲ್ ಆಲ್ಟ್ ಎಫ್1, ಎಫ್2 ಒತ್ತಿದರೆ ಬದಲಾಗುವ ಪರದೆ) ಲಾಗಿನ್ ಆದಿರೋ ಅದರ ಸಂಖ್ಯೆಯನ್ನು ಇದರಲ್ಲಿ ಇಡುತ್ತದೆ. ಬೂಟ್ ಆದ ಕೂಡಲೇ ಕಾಣುವುದು ಟಿಟಿವೈ1. ಎಸ್‌ಎಸ್‌ಎಚ್‌ನಲ್ಲಿ ಈ ವೇರಿಯಬಲ್ ಇರುವುದೇ ಇಲ್ಲ, ಹಾಗಾಗಿ ಬ್ಯಾಕಪ್‌ಗೆ ತೊಂದರೆಯಿಲ್ಲ.

ಎರಡೂ ನಿಜವಾದರೆ ಎಕ್ಸೆಕ್ ಸ್ಟಾರ್ಟ್‌ಎಕ್ಸ್. ಆ ಎಕ್ಸೆಕ್ ಬಿಡಬೇಡಿ. ಅದಿದ್ದರೆ ಬ್ಯಾಷ್ ಜಾಗ ಖಾಲಿ ಮಾಡಿ ಹೋಗುತ್ತದೆ, ಅದೇ ಪ್ರೋಸೆಸ್ ಸಂಖ್ಯೆಯಲ್ಲಿ ಸ್ಟಾರ್ಟ್‌ಎಕ್ಸ್ ಬಂದು ಕೂರುತ್ತದೆ; ಬಾಡಿಗೆದಾರ ಬದಲಾದ, ಮನೆ ನಂಬರು ಅದೇ. ಡೆಸ್ಕ್‌ಟಾಪಿನಿಂದ ಲಾಗ್‌ಔಟ್ ಆದರೆ ಹಿಂದೆ ಡಾಲರ್ ಗುರುತು ಉಳಿಯುವುದಿಲ್ಲ, ನೇರ ಲಾಗಿನ್ ಪ್ರಾಂಪ್ಟ್.

ಇನ್ನೊಂದು ಮಾತು. ವೇರಿಯಬಲ್ ಸುತ್ತ ಡಬಲ್ ಕೋಟ್ಸ್ ಹಾಕಿ, ಹೋಲಿಸಲು ಸಮ ಚಿಹ್ನೆಯನ್ನೇ ಬಳಸಿ. ಅಂತರ್ಜಾಲದಲ್ಲಿ ಕೆಲವರು ಅಂಕಿ ಹೋಲಿಸುವ ಇಕ್ಯೂ ಬಳಸುತ್ತಾರೆ. ವೇರಿಯಬಲ್ ಖಾಲಿ ಇದ್ದಾಗ ಅದು ಇಂಟಿಜರ್ ಎಕ್ಸ್‌ಪ್ರೆಶನ್ ಎಕ್ಸ್‌ಪೆಕ್ಟೆಡ್ ಎಂದು ಪ್ರತಿ ಎಸ್‌ಎಸ್‌ಎಚ್ ಲಾಗಿನ್ನಿಗೂ ಗೊಣಗುತ್ತದೆ.

ಚಿಂತಾಮಣಿ_ಬೈಟ್

.ಬ್ಯಾಷ್‌ಆರ್‌ಸಿಗೇ ಹಾಕ್ಬಿಟ್ರೆ ಆಗಲ್ವಾ ಮೇಷ್ಟ್ರೇ? ನಾನು ಎಲ್ಲಾನೂ ಅಲ್ಲೇ ತುರುಕೋದು.

ಮಧುಗಿರಿ_ಮೇಷ್ಟ್ರು

ಆಗುತ್ತದೆ, ಆದರೆ ಬೇಡ. ಅದು ಪ್ರತಿಯೊಂದು ಇಂಟರ‍್ಯಾಕ್ಟಿವ್ ಶೆಲ್ಲಿಗೂ ಓಡುವ ಫೈಲು. ಟರ್ಮಿನಲ್ ಕಿಟಕಿ ತೆರೆದರೂ ಓದುತ್ತದೆ, ಬ್ಯಾಷ್ ಒಳಗೆ ಬ್ಯಾಷ್ ಎಂದು ಹೊಡೆದರೂ ಓದುತ್ತದೆ. ಲಾಗಿನ್ನಿಗೆ ಒಮ್ಮೆ ಆಗಬೇಕಾದ ಕೆಲಸವನ್ನು ಲಾಗಿನ್ನಿನ ಫೈಲಿನಲ್ಲೇ ಇಡಿ. ಬ್ಯಾಷ್ ಬದಲು ಝಡ್‌ಶೆಲ್ ಬಳಸುವವರಿಗೆ ಅದು .ಝಡ್‌ಪ್ರೊಫೈಲ್.

ಅಶೋಕರಸ್ತೆ_ಡಿಟಿಪಿ

ಮೇಷ್ಟ್ರೇ, ಕೈ ಮುಗಿದೆ. ಪಾಸ್‌ವರ್ಡ್ ಹಾಕಿ ಎಂಟರ್ ಒತ್ತಿದ್ರೆ ಎರಡು ಸಲ ಸ್ಕ್ರೀನ್ ಮಿಟುಕಿಸಿ ಸೀದಾ ಡೆಸ್ಕ್‌ಟಾಪ್. ಹುಡುಗಂಗೂ ತೋರಿಸ್ದೆ, "ಇಷ್ಟೇನಾ" ಅಂದ.

ಆದ್ರೆ ಈಗ ಹೊಸ ತಲೆನೋವು. ಕನ್ನಡ ಟೈಪ್ ಆಗ್ತಿಲ್ಲ. ಮೇಲೆ ಪ್ಯಾನೆಲ್‌ನಲ್ಲಿ ಕನ್ನಡ ಟೈಪಿಂಗ್‌ನ ಐಬಸ್ ಗುರುತೇ ಇಲ್ಲ. ಲಿಬ್ರೆಆಫೀಸ್ ತೆಗೆದು ಏನೇ ಒತ್ತಿದ್ರೂ ಇಂಗ್ಲಿಷೇ. ಇನ್ನೊಂದು, ಹೋಮ್ ಒಳಗಿನ ಬಿನ್ ಫೋಲ್ಡರಲ್ಲಿ ನಾನು ಇಟ್ಕೊಂಡಿರೋ ಸ್ಕ್ಯಾನ್ ಸ್ಕ್ರಿಪ್ಟೂ ಸಿಗ್ತಿಲ್ಲ ಅಂತಿದೆ.

ಏನು ಹಾಕಿದೀನಿ ಅಂದ್ರೆ: ಒಂದು ವಿಡಿಯೋದಲ್ಲಿ .ಬ್ಯಾಷ್_ಪ್ರೊಫೈಲ್ ಅಂತ ಹೊಸ ಫೈಲ್ ಮಾಡೋಕೆ ಹೇಳಿದ್ರು, ಷರತ್ತು ಎರಡೂ ಅದರಲ್ಲಿದೆ. ಜೊತೆಗೆ .ಎಕ್ಸ್‌ಇನಿಟ್‌ಆರ್‌ಸಿ ಅಂತ ಇನ್ನೊಂದು, ಅದರಲ್ಲಿ ಒಂದೇ ಸಾಲು, ಎಕ್ಸೆಕ್ ಸ್ಟಾರ್ಟ್‌ಎಕ್ಸ್‌ಎಫ್‌ಸಿಇ4.

ಗುಬ್ಬಿಗೇಟ್_ಫಾಂಟು

ಅಣ್ಣ, ಎರಡೂ ರೋಗಕ್ಕೆ ಎರಡು ಫೈಲು ಕಾರಣ. ಸ್ಕ್ರಿಪ್ಟ್ ಸಿಗದೇ ಇರೋದು .ಬ್ಯಾಷ್_ಪ್ರೊಫೈಲ್‌ನಿಂದ. ಮೇಷ್ಟ್ರು ಹೇಳಿದ್ರಲ್ಲ, ಮೊದಲು ಸಿಕ್ಕಿದ್ದನ್ನ ಓದಿ ಉಳಿದಿದ್ದು ಬಿಟ್‌ಬಿಡತ್ತೆ ಅಂತ. ಬಿನ್ ಫೋಲ್ಡರನ್ನ ಪಾತ್‌ಗೆ (ಕಮಾಂಡ್ ಹುಡುಕೋ ಜಾಗಗಳ ಪಟ್ಟಿಗೆ) ಸೇರಿಸೋ ಸಾಲು ಡೆಬಿಯನ್‌ನ .ಪ್ರೊಫೈಲ್‌ನಲ್ಲಿದೆ, ಈಗ ಅದನ್ನ ಯಾರೂ ಓದ್ತಿಲ್ಲ. ನಿಮ್ಮ ಷರತ್ತನ್ನ .ಪ್ರೊಫೈಲ್ ಕೊನೆಗೆ ಸಾಗಿಸಿ, .ಬ್ಯಾಷ್_ಪ್ರೊಫೈಲ್ ಅಳಿಸಿ.

ಕನ್ನಡ ಹೋಗಿರೋದು .ಎಕ್ಸ್‌ಇನಿಟ್‌ಆರ್‌ಸಿಯಿಂದ. ಇದು ಸ್ವಲ್ಪ ಉದ್ದ, ಆದ್ರೆ ನಮ್ಮ ಕನ್ನಡದವರು ಪದೇ ಪದೇ ಬೀಳೋ ಗುಂಡಿ ಇದೇ, ಅದಕ್ಕೇ ಬಿಡಿಸಿ ಬರೀತೀನಿ.

ಸ್ಟಾರ್ಟ್‌ಎಕ್ಸ್ ಮೊದಲು ನಿಮ್ಮ ಹೋಮ್‌ನಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಇದೆಯಾ ನೋಡತ್ತೆ. ಇದ್ರೆ ಅದನ್ನಷ್ಟೇ ಓಡಿಸತ್ತೆ. ಇಲ್ದಿದ್ರೆ ಸಿಸ್ಟಂ ಫೈಲಿಗೆ ಹೋಗತ್ತೆ, ಡೆಬಿಯನ್‌ನಲ್ಲಿ ಆ ಸಿಸ್ಟಂ ಫೈಲು ಎಕ್ಸ್‌ಸೆಷನ್ ಅನ್ನೋ ಸ್ಕ್ರಿಪ್ಟನ್ನ ಕರೆಯತ್ತೆ. ಎಕ್ಸ್‌ಸೆಷನ್‌ಗೆ ಒಂದು ಫೋಲ್ಡರಿದೆ, ಹೆಸರು ಎಕ್ಸ್‌ಸೆಷನ್.ಡಿ, ಅದರಲ್ಲಿ ನಂಬರು ಹಾಕಿದ ಸಣ್ಣ ಸಣ್ಣ ಫೈಲು. 70ನೇ ನಂಬರಿಂದು ಐಎಂ-ಕಾನ್ಫಿಗ್. ಐಬಸ್‌ನ ಎಬ್ಬಿಸೋದು, ಜಿಟಿಕೆ, ಕ್ಯೂಟಿ ಅಪ್ಲಿಕೇಶನ್‌ಗಳಿಗೆ "ಅಕ್ಷರ ಐಬಸ್‌ನಿಂದ ತಗೊಳ್ಳಿ" ಅಂತ ಹೇಳೋ ವೇರಿಯಬಲ್ ಇಡೋದು ಅದರ ಕೆಲಸ. ನೀವು ಸ್ವಂತ .ಎಕ್ಸ್‌ಇನಿಟ್‌ಆರ್‌ಸಿ ಇಟ್ಟ ಕೂಡ್ಲೇ ಈ ಇಡೀ ಸರಪಳಿ ಬೈಪಾಸ್. ಡೆಸ್ಕ್‌ಟಾಪ್ ಬರತ್ತೆ, ಕನ್ನಡ ಬರಲ್ಲ.

ಆ ವಿಡಿಯೋದವರು ಹೇಳಿದ್ದು ಆರ್ಚ್ ಲಿನಕ್ಸ್ ಪದ್ಧತಿ ಇರಬೇಕು. ಅಲ್ಲಿ .ಎಕ್ಸ್‌ಇನಿಟ್‌ಆರ್‌ಸಿ ಬರೆಯೋದೇ ರೂಢಿ. ಡೆಬಿಯನ್‌ನಲ್ಲಿ ಆ ಫೈಲನ್ನ ಅಳಿಸಿ. ಏನೂ ಬರೀಬೇಡಿ. ಬರೀ ಸ್ಟಾರ್ಟ್‌ಎಕ್ಸ್ ಸಾಕು, ಎಕ್ಸ್‌ಸೆಷನ್ ತಾನೇ ಡೀಫಾಲ್ಟ್ ಡೆಸ್ಕ್‌ಟಾಪ್ ಹುಡ್ಕೊಂಡು ಎಕ್ಸ್‌ಎಫ್‌ಸಿಇ ಎಬ್ಬಿಸತ್ತೆ. ಎರಡು ಮೂರು ಡೆಸ್ಕ್‌ಟಾಪ್ ಇದ್ದು ಬೇರೇದು ಬರ್ತಿದ್ರೆ ಅಪ್‌ಡೇಟ್-ಆಲ್ಟರ್‌ನೇಟಿವ್ಸ್‌ನಲ್ಲಿ ಎಕ್ಸ್-ಸೆಷನ್-ಮ್ಯಾನೇಜರ್ ಬದಲಾಯಿಸಿ. ಇಲ್ಲಾಂದ್ರೆ .ಎಕ್ಸ್‌ಸೆಷನ್ ಅಂತ ಫೈಲ್ ಮಾಡಿ ಅದರಲ್ಲಿ ಎಕ್ಸೆಕ್ ಸಾಲು ಬರೀರಿ, ಅದು ಎಕ್ಸ್‌ಸೆಷನ್ ಮೂಲಕವೇ ಹೋಗೋದ್ರಿಂದ ಐಬಸ್ ಉಳಿಯತ್ತೆ.

ಒಂದ್ಸಲ ಐಎಂ-ಕಾನ್ಫಿಗ್‌ನ ಎನ್ ಆಯ್ಕೆ ಕೊಟ್ಟು ಐಬಸ್ ಅಂತ ನಿಗದಿ ಮಾಡಿ, ಲಾಗ್‌ಔಟ್ ಆಗಿ ಬನ್ನಿ. ಇದನ್ನ ಸುಡೋ (ಅಡ್ಮಿನ್ ಅಧಿಕಾರ) ಇಲ್ದೇ ಮಾಡಿ, ನಿಮ್ಮ ಯೂಸರ್‌ಗೆ ಮಾತ್ರ.

ಅಶೋಕರಸ್ತೆ_ಡಿಟಿಪಿ

ಬಂತು ಬಂತು! ಐಬಸ್ ಗುರುತು ವಾಪಸ್. ಸ್ಕ್ರಿಪ್ಟೂ ಸಿಗ್ತಿದೆ. ಅಲ್ಲ ಗುರು, ಇದ್ದ ಫೈಲ್ ಅಳಿಸಿದ್ರೆ ಸರಿ ಹೋಗೋದು ಅಂದ್ರೆ ಏನ್ ವಿಚಿತ್ರ.

ಗುಬ್ಬಿಗೇಟ್_ಫಾಂಟು

ನಿಮ್ಮ ಮೆಷಿನ್‌ಗೆ ಇನ್ನೂ ಹಗುರದ ದಾರಿ ಬೇಕಾ? ಐಬಸ್ಸೇ ಬೇಡ. ಡೆಸ್ಕ್‌ಟಾಪಿನ ಕೀಬೋರ್ಡ್ ವ್ಯವಸ್ಥೆ ಎಕ್ಸ್‌ಕೆಬಿಯಲ್ಲೇ ಕನ್ನಡ ಲೇಔಟ್ ಇದೆ: ಇನ್‌ಸ್ಕ್ರಿಪ್ಟ್ ಒಂದು, ಕಗಪ ಫೊನೆಟಿಕ್ ಇನ್ನೊಂದು. ಎಕ್ಸ್‌ಎಫ್‌ಸಿಇ ಕೀಬೋರ್ಡ್ ಸೆಟ್ಟಿಂಗ್ಸ್‌ಗೆ ಹೋಗಿ ಲೇಔಟ್ ಸೇರಿಸಿ, ಆಲ್ಟ್ ಶಿಫ್ಟ್‌ನಲ್ಲಿ ಬದಲಾಯಿಸ್ಕೊಳ್ಳಿ. ಹಿನ್ನೆಲೆಯಲ್ಲಿ ಯಾವ ಪ್ರೋಗ್ರಾಮೂ ಓಡಬೇಕಿಲ್ಲ. ಆದ್ರೆ ನುಡಿ ತಂತ್ರಾಂಶದಲ್ಲಿ ಕೈ ಪಳಗಿದೋರಿಗೆ ಇದು ಸ್ವಲ್ಪ ಎಡವಟ್ಟು ಅನ್ನಿಸತ್ತೆ. ಐಬಸ್ ಎಂ17ಎನ್‌ನ ಕೆಜಿಪಿ ಲೇಔಟೇ ಅವರಿಗೆ ಹತ್ತಿರ. ಅಂಗಡಿ ಹುಡುಗ ನುಡಿ ಕಲ್ತಿದ್ರೆ ಐಬಸ್ ಬಿಡಬೇಡಿ.

ಕೋಲಾರ_ಟೈಲಿಂಗ್

ಪರದೆಗೆ ಚಿತ್ರ ಮೂಡಿಸೋಕೆ ಇನ್ನೂ ಹಳೇ ಎಕ್ಸ್ ಅಂತ ಕೂತಿದೀರಲ್ರಪ್ಪಾ. ಅದರ ಬದಲಿಗೆ ಬಂದಿರೋ ವೇಲ್ಯಾಂಡ್‌ಗೆ ಬನ್ನಿ. ನಾನು ಸ್ವೇ ಅನ್ನೋ ಟೈಲಿಂಗ್ ವಿಂಡೋ ಮ್ಯಾನೇಜರ್ (ಕಿಟಕಿಗಳನ್ನ ತಾನೇ ಪಕ್ಕಪಕ್ಕ ಜೋಡಿಸತ್ತೆ) ಬಳಸೋದು, ಸ್ಟಾರ್ಟ್‌ಎಕ್ಸ್, ಎಕ್ಸ್‌ಸೆಷನ್ ಯಾವ ರಗಳೆನೂ ಇಲ್ಲ. ಅದೇ ಷರತ್ತು, ಡಿಸ್‌ಪ್ಲೇ ಜಾಗದಲ್ಲಿ ವೇಲ್ಯಾಂಡ್_ಡಿಸ್‌ಪ್ಲೇ, ಕೊನೆಗೆ ಎಕ್ಸೆಕ್ ಸ್ವೇ. ಮುಗೀತು. ಕೆಡಿಇನೋರಿಗೆ ಸ್ಟಾರ್ಟ್‌ಪ್ಲಾಸ್ಮಾ-ವೇಲ್ಯಾಂಡ್.

ಕೆಜಿಎಫ್_ಸರ್ವರ್‌ರೂಮ್

ಅವರ ಎಕ್ಸ್‌ಎಫ್‌ಸಿಇ 4.18 ಕಣಪ್ಪ, ಡೆಬಿಯನ್ 12ರದ್ದು. ಅದು ಎಕ್ಸ್ ಮೇಲೇ ಓಡೋದು. ವೇಲ್ಯಾಂಡ್ ಬಂದಿದ್ದು 4.20ರಲ್ಲಿ, 2024ರ ಡಿಸೆಂಬರಲ್ಲಿ, ಅದೂ ಪ್ರಯೋಗಕ್ಕೆ ಅಂತ. ಝೆರಾಕ್ಸ್ ಅಂಗಡಿ ಪ್ರಯೋಗಶಾಲೆ ಅಲ್ಲ. ಸಂಜೆ ಬರೋ ಹುಡುಗನ ಮುಂದೆ ಟೈಲಿಂಗ್ ವಿಂಡೋ ಮ್ಯಾನೇಜರ್ ಇಟ್ರೆ ಅವನು ಕೆಲಸಾನೇ ಬಿಟ್ಟು ಹೋಗ್ತಾನೆ.

ಕೋಲಾರ_ಟೈಲಿಂಗ್

ಅದೂ ಸರಿನೇ ಬಿಡಿ.

ಕೆಜಿಎಫ್_ಸರ್ವರ್‌ರೂಮ್

ಮೇಷ್ಟ್ರು ಎಕ್ಸೆಕ್ ಬಗ್ಗೆ ಹೇಳಿದ್ರಲ್ಲ, ಅದರ ಭದ್ರತೆ ಮುಖ ಯಾರೂ ಎತ್ತಲಿಲ್ಲ. ಅಂಗಡಿ ಅಂದ ಮೇಲೆ ಹೇಳ್ಲೇಬೇಕು.

ಎಕ್ಸೆಕ್ ಇಲ್ದೇ ಬರೀ ಸ್ಟಾರ್ಟ್‌ಎಕ್ಸ್ ಬರೆದಿದೀರಿ ಅಂದ್ಕೊಳ್ಳಿ. ಟೀ ಕುಡಿಯೋಕೆ ಹೋಗುವಾಗ ಸ್ಕ್ರೀನ್ ಲಾಕ್ ಮಾಡ್ತೀರಿ. ಬುದ್ಧಿವಂತ ಗಿರಾಕಿ ಒಬ್ಬ ಬಗ್ಗಿ ಕಂಟ್ರೋಲ್ ಆಲ್ಟ್ ಎಫ್1 ಒತ್ತಿ, ಡೆಸ್ಕ್‌ಟಾಪ್ ಎಬ್ಬಿಸಿದ ಟೆಕ್ಸ್ಟ್ ಕನ್ಸೋಲಿಗೆ ಹೋಗೋಕಾದ್ರೆ, ಅಲ್ಲಿ ಕಂಟ್ರೋಲ್ ಸಿ. ಎಕ್ಸ್ ಸಾಯತ್ತೆ, ಹಿಂದೆ ಇದ್ದ ಬ್ಯಾಷ್ ಕೈಗೆ ಸಿಗತ್ತೆ, ನಿಮ್ಮ ಹೆಸರಲ್ಲೇ. ಲಾಕ್ ಹಾಕಿದ್ದು ದಂಡ. ಹಳೇ ಕಾಲದ ಹಾಗೆ ಎಕ್ಸ್ 7ನೇ ಟರ್ಮಿನಲ್‌ಗೆ ಹೋಗಿ ಕೂರೋ ಕಡೆ ಇದು ನಿಜಕ್ಕೂ ನಡೆಯತ್ತೆ. ಈಗಿನ ಸ್ಟಾರ್ಟ್‌ಎಕ್ಸ್ ಲಾಗಿನ್ ಆದ ಟರ್ಮಿನಲ್‌ನಲ್ಲೇ ಎಕ್ಸ್ ಎಬ್ಬಿಸತ್ತೆ, ಹಾಗಾಗಿ ಅಪಾಯ ಕಮ್ಮಿ. ಆದ್ರೂ ಎಕ್ಸ್ ಯಾವ ಕಾರಣಕ್ಕೆ ಬಿದ್ರೂ ಹಿಂದೆ ತೆರೆದ ಶೆಲ್ ಇರಬಾರ್ದು. ಎಕ್ಸೆಕ್ ಇದ್ರೆ ಎಕ್ಸ್ ಸತ್ತ ಕೂಡ್ಲೇ ಸೆಷನ್ನೇ ಮುಗಿಯತ್ತೆ, ಮತ್ತೆ ಪಾಸ್‌ವರ್ಡ್ ಕೇಳತ್ತೆ.

ಸ್ಟಾರ್ಟ್‌ಎಕ್ಸ್ ಸಾಲಿನ ಕೊನೆಗೆ ವಿಟಿ7 (7ನೇ ಟರ್ಮಿನಲ್) ಅಂತ ಸೇರಿಸಿ ಅನ್ನೋ ಹಳೇ ಸಲಹೆ ಎಲ್ಲಾದ್ರೂ ಕಂಡ್ರೆ ಕೇಳ್ಬೇಡಿ. ಲಾಗಿನ್ ಒಂದು ಕಡೆ, ಎಕ್ಸ್ ಇನ್ನೊಂದು ಕಡೆ ಆದ್ರೆ ಲಾಗಿನ್‌ಡಿ ನಿಮ್ಮ ಸೆಷನ್ನನ್ನ ಆ್ಯಕ್ಟಿವ್ ಅಂತ ಲೆಕ್ಕಕ್ಕೆ ತಗೊಳಲ್ಲ. ಆಮೇಲೆ ಶಟ್‌ಡೌನ್ ಬಟನ್ ಮಂಕಾಗಿರತ್ತೆ, ಪೆನ್‌ಡ್ರೈವ್ ಹಾಕಿದ್ರೆ ಅಡ್ಮಿನ್ ಪಾಸ್‌ವರ್ಡ್ ಕೇಳತ್ತೆ.

ಲಾಕ್‌ಗೆ ಲೈಟ್-ಲಾಕರ್ ಇದ್ರೆ ತೆಗೀರಿ, ಅದು ಲೈಟ್‌ಡಿಎಂ ಇಲ್ದೇ ನಡೆಯಲ್ಲ. ಎಕ್ಸ್‌ಎಫ್‌ಸಿಇ4-ಸ್ಕ್ರೀನ್‌ಸೇವರ್ ಹಾಕ್ಕೊಳ್ಳಿ.

ಶಿಡ್ಲಘಟ್ಟ_ರೀಲರ್

ನಮ್ದು ಇದಕ್ಕೆ ಉಲ್ಟಾ ಕೇಸು. ರೇಷ್ಮೆ ನೂಲು ಬಿಚ್ಚೋ ಶೆಡ್ಡಲ್ಲಿ ಗೋಡೆಗೆ ಒಂದು ಹಳೇ ಮಾನಿಟರ್ ಹಾಕಿದೀವಿ, ದಿನದ ಲೆಕ್ಕ, ಗೂಡಿನ ರೇಟು ಕಾಣ್ತಿರಬೇಕು ಅಷ್ಟೇ. ಕೀಬೋರ್ಡೇ ಇಲ್ಲ. ಇಲ್ಲಿ ಪಾಸ್‌ವರ್ಡೂ ಕೇಳಬಾರ್ದು. ಷರತ್ತು, ಎಕ್ಸೆಕ್ ಎಲ್ಲಾ ಇದೆ. ಟಿಟಿವೈ1ರ ಗೆಟ್ಟಿಯನ್ನ (ಲಾಗಿನ್ ಕೇಳೋ ಸರ್ವಿಸು) ಸಿಸ್ಟಂಸಿಟಿಎಲ್ ಎಡಿಟ್‌ನಲ್ಲಿ ತೆರೆದು ಎಕ್ಸೆಕ್‌ಸ್ಟಾರ್ಟ್ ಸಾಲಲ್ಲಿ ಅದು ಓಡಿಸೋ ಎಗೆಟ್ಟಿ ಪ್ರೋಗ್ರಾಮಿಗೆ ಆಟೋಲಾಗಿನ್ ಆಯ್ಕೆ ಕೊಟ್ಟೆ. ರೀಬೂಟ್ ಮಾಡಿದ್ರೆ ಲಾಗಿನ್ ಪ್ರಾಂಪ್ಟೇ ಬರ್ತಿಲ್ಲ, ಬರೀ ಕಪ್ಪು.

ಕೆಜಿಎಫ್_ಸರ್ವರ್‌ರೂಮ್

ಅದಕ್ಕೆ ಮುಂಚೆ ಇನ್ನೊಂದು ಖಾಲಿ ಎಕ್ಸೆಕ್‌ಸ್ಟಾರ್ಟ್ ಸಾಲು ಹಾಕಿದೀರಾ? ಸಮ ಚಿಹ್ನೆ ಆದ ಮೇಲೆ ಏನೂ ಇಲ್ದೇ.

ಶಿಡ್ಲಘಟ್ಟ_ರೀಲರ್

ಇಲ್ಲ. ಖಾಲಿ ಸಾಲಿಗೆ ಏನ್ ಕೆಲಸ ಅಂತ ಬಿಟ್ಟಿದ್ದೆ.

ಕೆಜಿಎಫ್_ಸರ್ವರ್‌ರೂಮ್

ಅದಕ್ಕೇ ಕೆಲಸ ಇರೋದು. ನಿಮ್ಮ ಸಾಲು ಹಳೇ ಸಾಲನ್ನ ಅಳಿಸಲ್ಲ, ಅದರ ಹಿಂದೆ ಹೋಗಿ ನಿಲ್ಲತ್ತೆ. ಒಂದು ಸರ್ವಿಸ್‌ಗೆ ಎರಡು ಎಕ್ಸೆಕ್‌ಸ್ಟಾರ್ಟ್ ಇದ್ರೆ, ಒನ್‌ಶಾಟ್ (ಒಂದ್ಸಲ ಓಡಿ ಮುಗಿಯೋ) ಬಗೆಯದ್ದಲ್ಲದಿದ್ರೆ, ಸಿಸ್ಟಂಡಿ ಸರ್ವಿಸನ್ನೇ ನಿರಾಕರಿಸತ್ತೆ. ಖಾಲಿ ಸಾಲು ಹಳೇದನ್ನ ತೊಳೆಯೋಕೆ. ಕಂಟ್ರೋಲ್ ಆಲ್ಟ್ ಎಫ್2 ಒತ್ತಿ ಎರಡನೇ ಟರ್ಮಿನಲ್‌ಗೆ ಹೋಗಿ ಸರಿಮಾಡಿ, ಕೀಬೋರ್ಡ್ ಒಂದು ತಂದು ಸಿಗಿಸಿ.

ಮತ್ತೆ ಒಂದು ಎಚ್ಚರಿಕೆ. ಆಟೋಲಾಗಿನ್ ಜೊತೆ ಎಕ್ಸೆಕ್ ಸ್ಟಾರ್ಟ್‌ಎಕ್ಸ್ ಸೇರಿ ಎಕ್ಸ್ ಏನಾದ್ರೂ ಏಳದೇ ಇದ್ರೆ, ಲಾಗಿನ್ ಆಗೋದು ಬೀಳೋದು, ಲಾಗಿನ್ ಆಗೋದು ಬೀಳೋದು, ಇದೇ ನಡೀತಿರತ್ತೆ. ಆಗಲೂ ಎರಡನೇ ಟರ್ಮಿನಲ್ಲೇ ಗತಿ. ಷರತ್ತಲ್ಲಿ 1 ಅಂತ ಹಾಕಿರೋದ್ರ ದೊಡ್ಡ ಉಪಕಾರ ಅದು, ಅಲ್ಲಿ ಬರೀ ಶೆಲ್ ಸಿಗತ್ತೆ. ಯಾಕೆ ಬಿತ್ತು ಅಂತ ನೋಡೋಕೆ ಹೋಮ್ ಒಳಗೆ .ಲೋಕಲ್, ಅದರೊಳಗೆ ಶೇರ್, ಅದರೊಳಗೆ ಎಕ್ಸ್‌ಆರ್ಗ್ ಫೋಲ್ಡರಲ್ಲಿ ಲಾಗ್ ಇರತ್ತೆ. ರೂಟ್ ಇಲ್ದೇ ಓಡೋ ಎಕ್ಸ್ ಅಲ್ಲೇ ಬರೆಯೋದು, ಸಿಸ್ಟಂನ ವಾರ್ ಒಳಗಿನ ಲಾಗ್ ಫೋಲ್ಡರಲ್ಲಿ ಹುಡುಕಿ ಸಿಗಲಿಲ್ಲ ಅಂತ ಕೂರಬೇಡಿ. ಇಇ (ಎರರ್) ಅಂತ ಗುರುತಿರೋ ಸಾಲುಗಳನ್ನ ಓದಿ.

ಒಂದೇ ಬ್ರೌಸರ್ ಪರದೆ ತುಂಬ ತೋರ್ಸೋಕೆ ನಿಮಗೆ ಇಡೀ ಡೆಸ್ಕ್‌ಟಾಪೂ ಬೇಡ. ಕೇಜ್ ಅಂತ ವೇಲ್ಯಾಂಡ್ ಕಂಪೋಸಿಟರ್ ಇದೆ, ಒಂದೇ ಅಪ್ಲಿಕೇಶನ್ ತೋರ್ಸೋಕೇ ಮಾಡಿರೋದು. ಎಕ್ಸೆಕ್ ಕೇಜ್, ಅದರ ಮುಂದೆ ಬ್ರೌಸರ್ ಹೆಸರು.

ಚಿಂತಾಮಣಿ_ಬೈಟ್

ರಾಸ್ಪ್‌ಬೆರಿ ಪೈ ಆಗಿದ್ರೆ ಈ ಒದ್ದಾಟನೇ ಇಲ್ಲ, ರಾಸ್ಪಿ-ಕಾನ್ಫಿಗ್ ಮೆನುವಲ್ಲೇ ಕನ್ಸೋಲ್ ಆಟೋಲಾಗಿನ್ ಇದೆ, ಡೆಸ್ಕ್‌ಟಾಪ್ ಆಟೋಲಾಗಿನ್ ಇದೆ. ಒತ್ತಿದ್ರೆ ಆಯ್ತು.

ಶಿಡ್ಲಘಟ್ಟ_ರೀಲರ್

ಖಾಲಿ ಸಾಲು ಹಾಕಿದೆ, ಎದ್ದಿದೆ. ಕೇಜ್ ಭಾನುವಾರ ನೋಡ್ತೀನಿ, ಇವತ್ತು ನೂಲು ಕಳಿಸ್ಬೇಕು. ಥ್ಯಾಂಕ್ಸ್ ಅಣ್ಣ.

ಅಶೋಕರಸ್ತೆ_ಡಿಟಿಪಿ

ನಂದು ಒಂದು ಕೊನೇ ಪ್ರಶ್ನೆ. ಲಾಗಿನ್ ಕೇಳೋ ಕಪ್ಪು ಸ್ಕ್ರೀನಲ್ಲಿ ಮೇಲ್ಗಡೆ ಡೆಬಿಯನ್ ಹೆಸರು, ಟಿಟಿವೈ1 ಅಂತ ಬರತ್ತಲ್ಲ, ಅಲ್ಲಿ ಕನ್ನಡದಲ್ಲಿ ಎರಡು ಸಾಲು ಬರಿಯೋಕಾಗತ್ತಾ? ಪಾಸ್‌ವರ್ಡ್ ಟೈಪ್ ಮಾಡುವಾಗ ಚುಕ್ಕೆ, ನಕ್ಷತ್ರ ಏನೂ ಕಾಣಲ್ಲ ನೋಡಿ, ಹುಡುಗ ಕೀಬೋರ್ಡ್ ಕೆಟ್ಟಿದೆ ಅಂದ್ಕೊಂಡು ಒಂದೇ ಅಕ್ಷರ ಹತ್ತು ಸಲ ಒತ್ತುತಾನೆ. "ಕಾಣ್ಸಲ್ಲ, ಸುಮ್ನೆ ಹೊಡಿ" ಅಂತ ಬರೀಬೇಕು.

ಮಧುಗಿರಿ_ಮೇಷ್ಟ್ರು

ಬರೆಯುವ ಜಾಗ ಇಟಿಸಿ ಫೋಲ್ಡರಿನ ಇಶ್ಯೂ ಎಂಬ ಫೈಲು. ಎಗೆಟ್ಟಿ ಲಾಗಿನ್ ಕೇಳುವ ಮೊದಲು ಅದನ್ನೇ ತೋರಿಸುವುದು. ಆದರೆ ಕನ್ನಡ ಲಿಪಿ ಅಲ್ಲಿ ಬರುವುದಿಲ್ಲ. ಲಿನಕ್ಸ್ ಕನ್ಸೋಲಿನ ಫಾಂಟಿಗೆ ಹೆಚ್ಚೆಂದರೆ 512 ಚಿತ್ರಗಳಷ್ಟೇ ಜಾಗ, ಒಂದೊಂದು ಅಕ್ಷರವೂ ಒಂದೇ ಅಳತೆಯ ಚೌಕದಲ್ಲಿ ಕೂರಬೇಕು. ಒತ್ತಕ್ಷರ, ಗುಣಿತಾಕ್ಷರ ಜೋಡಿಸುವ ವ್ಯವಸ್ಥೆಯೇ ಅದರಲ್ಲಿಲ್ಲ. ಕನ್ನಡ ಹೆಸರಿಟ್ಟ ಫೈಲುಗಳನ್ನು ಅಲ್ಲಿ ಪಟ್ಟಿ ಮಾಡಿದರೂ ಹಾಗೆಯೇ, ಬರೀ ಚೌಕಗಳ ಸಾಲು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯಿರಿ, ಮೊಬೈಲ್ ಮೆಸೇಜಿನ ಹಾಗೆ. ಹುಡುಗ ಅದನ್ನು ಸಲೀಸಾಗಿ ಓದುತ್ತಾನೆ.

ಫೈಲಿನಲ್ಲಿ ಹಿಂಗೆರೆಯ (ಬ್ಯಾಕ್‌ಸ್ಲ್ಯಾಷ್) ಜೊತೆ ಬರುವ ಅಕ್ಷರಗಳನ್ನು ಅಳಿಸಬೇಡಿ. ಟರ್ಮಿನಲ್ ಸಂಖ್ಯೆ, ಮೆಷಿನ್ ಹೆಸರು ಅಲ್ಲಿಂದಲೇ ಬರುವುದು. ಟಿಟಿವೈ1 ಎಂಬುದು ಕಾಣುತ್ತಿರಲಿ, ಯಾವಾಗಲಾದರೂ ಅವನು ಎರಡನೇ ಟರ್ಮಿನಲ್ಲಿನಲ್ಲಿ ಲಾಗಿನ್ ಆಗಿ ಡೆಸ್ಕ್‌ಟಾಪ್ ಬರಲಿಲ್ಲ ಎಂದು ಫೋನ್ ಮಾಡಿದರೆ ಮೊದಲು ಆ ಸಂಖ್ಯೆ ಕೇಳಿ.

ಅಶೋಕರಸ್ತೆ_ಡಿಟಿಪಿ

ಬರೆದೆ. ಕೆಳಗೆ ಇನ್ನೊಂದು ಸಾಲೂ ಸೇರಿಸ್ದೆ: ಎರಡನೇ ಟರ್ಮಿನಲ್‌ಗೆ ಹೋಗಿದ್ರೆ ಕಂಟ್ರೋಲ್ ಆಲ್ಟ್ ಎಫ್1 ಒತ್ತು, ನನಗೆ ಫೋನ್ ಮಾಡ್ಬೇಡ ಅಂತ.

ಗುಬ್ಬಿಗೇಟ್_ಫಾಂಟು

ಯುಪಿಎಸ್ ಬ್ಯಾಟರಿ ಹಾಕ್ಸಿ ಅಣ್ಣ ಮೊದ್ಲು.